ಚಳ್ಳಕೆರೆಯ ರನ್‌ವೇಗೆ ಇಳಿದ ‘ಪುಷ್ಪಕ್’

ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನ ‘ಪುಷ್ಪಕ್’ ನೆಲಕ್ಕಿಳಿಯಲು ಕಲಿತದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ.

ಇದಕ್ಕೂ ಮೊದಲು, 2016ರ ಮೇ 23ರಂದು ಶ್ರೀಹರಿಕೋಟಾದಿಂದ ರಾಕೆಟ್ಟಿನ ತುದಿಯಲ್ಲಿ ಹಾರಿದ ಇಂಥದೇ ವಾಹನ ಸುಮಾರು 65 ಕಿ.ಮೀ. ಎತ್ತರ ಮುಟ್ಟಿ, ಶಬ್ದದ ಐದು ಪಟ್ಟು ವೇಗದಲ್ಲಿ ಮರಳಿ ಬಂಗಾಳ ಕೊಲ್ಲಿಗೆ ಇಳಿದಿತ್ತು. ಉಳಿದದ್ದು ರನ್‌ವೇ ಮೇಲೆ ಇಳಿಯುವ ಪಾಠ.

2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23. ಮೂರೂ ಸಲ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ವಾಹನವನ್ನು 4.5 ಕಿ.ಮೀ. ಎತ್ತರಕ್ಕೊಯ್ದು ಬಿಟ್ಟಿತು. ಒಳಗೆ ಪೈಲಟ್ ಇಲ್ಲ, ದೂಡುವ ಎಂಜಿನ್ನೂ ಇಲ್ಲ. ತಪ್ಪಿದರೆ ಮತ್ತೊಂದು ಸುತ್ತು ಹಾಕುವ ಅವಕಾಶವೇ ಇಲ್ಲ. ಮೂರನೆಯದೇ ಅತ್ಯಂತ ಕಠಿಣ. ಜೋರು ಗಾಳಿಯ ನಡುವೆ, ರನ್‌ವೇ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರೂ ಪುಷ್ಪಕ್ ತಾನೇ ದಾರಿ ತಿದ್ದಿಕೊಂಡಿತು. ಗಂಟೆಗೆ 320 ಕಿ.ಮೀ. ಮೀರಿದ ವೇಗದಲ್ಲಿ ಚಕ್ರ ನೆಲ ಮುಟ್ಟಿತು. ಪ್ರಯಾಣಿಕ ವಿಮಾನಕ್ಕೆ ಸುಮಾರು 260 ಸಾಕು. ಹಿಂದೆ ಅರಳಿದ ಪ್ಯಾರಾಶೂಟ್ ವೇಗವನ್ನು 100ರ ಆಸುಪಾಸಿಗೆ ಇಳಿಸಿದ ಮೇಲೆ ಬ್ರೇಕ್ ಹಿಡಿಯಿತು.

ಅಮೆರಿಕದ ವರ್ಜಿನ್ ಗ್ಯಾಲಕ್ಟಿಕ್‌ನ ‘ಯೂನಿಟಿ’ಯೂ ತಾಯಿವಿಮಾನದಿಂದ ಕಳಚಿಕೊಂಡು, ರಾಕೆಟ್ ಹೊತ್ತಿಸಿ ಮೇಲೇರಿ, ಗ್ಲೈಡರ್‌ನಂತೆ ಮರಳುತ್ತಿತ್ತು. 2023ರ ಆಗಸ್ಟ್‌ನಲ್ಲಿ ಅದು ಪ್ರವಾಸಿಗರನ್ನು ಕರೆದೊಯ್ದಿತು. ಪುಷ್ಪಕ್ ಪ್ರವಾಸಿಗರ ವಾಹನವಲ್ಲ. ಉಡಾವಣೆಯ ಖರ್ಚು ತಗ್ಗಿಸುವುದು ಅದರ ಗುರಿ. ಮುಂದಿನ ಹಂತ, ಭೂಕಕ್ಷೆಯಿಂದಲೇ ಮರಳಿ ರನ್‌ವೇಗೆ ಇಳಿಯುವ ದೊಡ್ಡ ವಾಹನ.