ಕೂನೂರಿನ ಇಲಿಗಳು ಮತ್ತು ನಮ್ಮ ಊಟದ ತಟ್ಟೆ



ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ನಿಮ್ಮಲ್ಲಿ ಹಲವರು ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಹೆಚ್ಚಾಗುತ್ತದೆ. ಸಣ್ಣಗಾಗಬೇಕೆಂದು ಬೆಳಗಿನ ತಿಂಡಿ ಬಿಡುವವರು, ಮೈ ತುಂಬಿಕೊಳ್ಳಬೇಕೆಂದು ಡಬ್ಬಿಯ ಪುಡಿಗೆ ಹಣ ಸುರಿಯುವವರು, ಟೀ ಮತ್ತು ಬನ್ನಿನಲ್ಲೇ ಮಧ್ಯಾಹ್ನ ಕಳೆಯುವವರು, ಎಲ್ಲರನ್ನೂ ನಮ್ಮ ಸ್ಟುಡಿಯೋದ ಪ್ರೇಕ್ಷಕರ ಸಾಲಿನಲ್ಲಿ ನಾನು ನೋಡಿದ್ದೇನೆ. ಚರ್ಚೆಯಲ್ಲಿ 'ಸಮತೋಲ ಆಹಾರ' ಎಂಬ ಮಾತು ಬಂದ ಕೂಡಲೇ ಆ ಸಾಲಿನಲ್ಲಿ ಆಕಳಿಕೆ ಶುರುವಾಗುವುದನ್ನೂ ನೋಡಿದ್ದೇನೆ. ತಪ್ಪು ನಿಮ್ಮದಲ್ಲ. ಪಠ್ಯಪುಸ್ತಕದಲ್ಲಿ ಅದು ಬಾಯಿಪಾಠ ಮಾಡುವ ಒಂದು ಪಟ್ಟಿಯಾಗಿ ಬರುತ್ತದೆ. ಆದರೆ ಆ ಪಟ್ಟಿಯ ಹಿಂದೆ ಒಂದು ಇತಿಹಾಸವಿದೆ. ಅದರ ಮುಖ್ಯ ಭಾಗ ನಡೆದದ್ದು ನಮ್ಮ ಮೈಸೂರಿನಿಂದ ಅಷ್ಟೇನೂ ದೂರವಿಲ್ಲದ ನೀಲಗಿರಿಯ ಕೂನೂರಿನಲ್ಲಿ. ಅದರಲ್ಲಿ 'ಕನ್ನಡಿಗ' ಇಲಿಗಳದ್ದೂ ಒಂದು ಪಾತ್ರವಿದೆ.

1918ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ಅಧ್ಯಯನ ಆರಂಭವಾಯಿತು. ಅದನ್ನು ನಡೆಸಿದವರು ರಾಬರ್ಟ್ ಮೆಕ್‌ಕ್ಯಾರಿಸನ್. ಐರ್ಲೆಂಡಿನಲ್ಲಿ ಹುಟ್ಟಿ, 1901ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದ ವೈದ್ಯರು. ಬೆರಿಬೆರಿಯೆಂದರೆ ಕಾಲುಗಳ ಶಕ್ತಿ ಉಡುಗಿ, ನರ ಮತ್ತು ಹೃದಯ ಸೋಲುವ ಕಾಯಿಲೆ. ಹೊಟ್ಟೆ ತುಂಬ ಅನ್ನ ತಿನ್ನುವವರಿಗೇ ಅದು ಬರುತ್ತಿತ್ತು ಎಂಬುದು ಸೋಜಿಗ. ಗಿರಣಿಯಲ್ಲಿ ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡುವಾಗ ತೌಡಿನೊಂದಿಗೆ ಬಿ-1 ಜೀವಸತ್ವವೂ ಹೊರಟುಹೋಗುತ್ತದೆ. ಆಂಧ್ರದ ಉತ್ತರ ಕರಾವಳಿಯಲ್ಲಿ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿ ಉಣ್ಣುವವರನ್ನು ಬೆರಿಬೆರಿ ಕಾಡುತ್ತಿತ್ತು. ಕುಚ್ಚಲಕ್ಕಿ ಉಣ್ಣುವ ಸೀಮೆಗಳಲ್ಲಿ ಅದರ ಸುಳಿವು ಕಡಿಮೆ. ಭತ್ತವನ್ನು ನೆನೆಸಿ ಬೇಯಿಸಿದಾಗ ತೌಡಿನ ಜೀವಸತ್ವದ ಒಂದಂಶ ಕಾಳಿನ ಒಳಕ್ಕೆ ಇಳಿಯುತ್ತದೆ, ಆಮೇಲೆ ಗಿರಣಿಗೂ ಅದನ್ನು ಪೂರ್ತಿ ಕಸಿಯಲಾಗದು. ದಕ್ಷಿಣ ಕನ್ನಡದ ಓದುಗರೇ, ನಿಮ್ಮ ಮನೆಯ ಗಂಜಿಯನ್ನು ಪೇಟೆಯವರು ಹಳ್ಳಿಯ ಊಟವೆಂದು ಹಗುರವಾಗಿ ಕಂಡರೆ ಈ ಸಂಗತಿಯನ್ನು ಹೇಳಿಬಿಡಿ.

ಈಗ ಇಲಿಗಳ ವಿಷಯಕ್ಕೆ ಬರೋಣ. 1920ರ ದಶಕದಲ್ಲಿ ಮೆಕ್‌ಕ್ಯಾರಿಸನ್ ಎಳೆಯ ಇಲಿಗಳನ್ನು 20ರಂತೆ ಏಳು ಗುಂಪು ಮಾಡಿದರು. ಸಿಖ್ಖರು, ಪಠಾಣರು, ಮರಾಠರು, ಗೂರ್ಖರು, ಕನ್ನಡಿಗರು, ಬಂಗಾಳಿಗಳು, ಮದರಾಸಿನವರು, ಹೀಗೆ ಒಂದೊಂದು ಜನರ ಊಟವನ್ನು ಒಂದೊಂದು ಗುಂಪಿಗೆ ಹಾಕಿದರು. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಮೆಚ್ಚುಗೆಯಾಗುವುದು ಪ್ರಯೋಗದ ಕಟ್ಟುನಿಟ್ಟು. ಎಲ್ಲ ಗುಂಪುಗಳ ಇಲಿಗಳೂ ಒಂದೇ ವಯಸ್ಸಿನವು, ತೂಕದಲ್ಲಿ ಸಮ, ಗಂಡು ಹೆಣ್ಣುಗಳ ಪ್ರಮಾಣವೂ ಒಂದೇ. ಬದಲಾದದ್ದು ಊಟ ಮಾತ್ರ. ಕೊನೆಯಲ್ಲಿ ತೂಗಿ ನೋಡಿದಾಗ ಸಿಖ್ಖರ ಊಟ ತಿಂದ ಇಲಿಗಳು ಸರಾಸರಿ 235 ಗ್ರಾಂ ಇದ್ದವು. ಮದರಾಸಿನವು 155 ಗ್ರಾಂ. ನಮ್ಮ ಕನ್ನಡಿಗ ಇಲಿಗಳು 185 ಗ್ರಾಂ, ಏಳರಲ್ಲಿ ಐದನೆಯ ಸ್ಥಾನ!

ಬೇಸರ ಮಾಡಿಕೊಳ್ಳಬೇಡಿ. ಈ ಅಂಕಿಗಳನ್ನು ಆ ಕಾಲದ ಹಿನ್ನೆಲೆಯಲ್ಲಿಟ್ಟು ನೋಡಬೇಕು. 1857ರ ದಂಗೆಯ ನಂತರ ಬ್ರಿಟಿಷ್ ಸೈನ್ಯಾಧಿಕಾರಿಗಳು ಸಿಖ್ಖರು, ಪಠಾಣರು, ಗೂರ್ಖರು ಹುಟ್ಟಿನಿಂದಲೇ ವೀರರು, ಉಳಿದವರು ಹುಟ್ಟಿನಿಂದಲೇ ದುರ್ಬಲರು ಎಂದು ನಂಬಿದ್ದರು. ಸೈನ್ಯದ ಭರ್ತಿಯೂ ಆ ನಂಬಿಕೆಯ ಮೇಲೆಯೇ ನಡೆಯುತ್ತಿತ್ತು. ಕೂನೂರಿನ ಇಲಿಗಳಲ್ಲಿ ಸಿಖ್ಖರ ರಕ್ತವೂ ಇರಲಿಲ್ಲ, ಬಂಗಾಳಿಗಳ ರಕ್ತವೂ ಇರಲಿಲ್ಲ. ಆದರೂ ಅವು ಆಯಾ ಜನರ ಮೈಕಟ್ಟನ್ನೇ ಹೋಲುವಂತೆ ಬೆಳೆದವು. ಹಾಗಾದರೆ ವ್ಯತ್ಯಾಸ ಜಾತಿಯಲ್ಲಿತ್ತೋ, ತಟ್ಟೆಯಲ್ಲಿತ್ತೋ? ಸಿಖ್ಖರ ತಟ್ಟೆಯಲ್ಲಿ ತೌಡು ತೆಗೆಯದ ಗೋಧಿಯ ರೊಟ್ಟಿ, ಹಾಲು, ಮೊಸರು, ಬೆಣ್ಣೆ, ಬೇಳೆ, ಹಸಿರು ತರಕಾರಿ, ಹಣ್ಣು, ಆಗೊಮ್ಮೆ ಈಗೊಮ್ಮೆ ಸ್ವಲ್ಪ ಮಾಂಸ ಇದ್ದವು. ಮದರಾಸಿನ ತಟ್ಟೆಯಲ್ಲಿ ಪಾಲಿಶ್ ಮಾಡಿದ ಅಕ್ಕಿಯೇ ಮುಖ್ಯ, ಹಾಲು ತೀರಾ ಕಡಿಮೆ.

ನನ್ನದೊಂದು ತಕರಾರೂ ಇದೆ. 'ಕನ್ನಡಿಗರ ಊಟ' ಎಂಬ ಒಂದು ಊಟ ಎಲ್ಲಿದೆ? ಕೋಲಾರದ ಮುದ್ದೆ, ಧಾರವಾಡದ ಜೋಳದ ರೊಟ್ಟಿ, ಮಲೆನಾಡಿನ ಅನ್ನ, ಇವನ್ನೆಲ್ಲ ಒಂದೇ ಹೆಸರಿನ ಪಂಜರದಲ್ಲಿ ಕೂಡಿಸಲಾಗದು. ಒಂದೇ ಊರಿನಲ್ಲೂ ಹಸು ಕಟ್ಟಿದವನ ತಟ್ಟೆ ಬೇರೆ, ಆ ಹಸು ಮೇಯಿಸುವ ಕೂಲಿಯವನ ತಟ್ಟೆ ಬೇರೆ. ಹಾಲು ಬೇಕೆಂದು ತಿಳಿಯದೆ ಯಾರೂ ಬಿಟ್ಟವರಲ್ಲ.

ಬ್ರಿಟಿಷರ ಊಟವನ್ನೂ ಮೆಕ್‌ಕ್ಯಾರಿಸನ್ ಬಿಡಲಿಲ್ಲ ಎಂಬುದು ನನಗೆ ಬಹಳ ಇಷ್ಟವಾದ ಭಾಗ. ಇಂಗ್ಲೆಂಡಿನ ಬಡ ಕೆಲಸಗಾರರು ತಿನ್ನುತ್ತಿದ್ದ ಬಿಳಿ ಬ್ರೆಡ್ಡು, ಮಾರ್ಗರೀನ್, ಅಗ್ಗದ ಜಾಮ್, ಡಬ್ಬಿಯ ಮಾಂಸ, ಬೆಂದು ಸೊರಗಿದ ತರಕಾರಿ, ಸಕ್ಕರೆ ಹಾಕಿದ ಟೀ, ಇಷ್ಟನ್ನು ಒಂದು ಗುಂಪಿಗೆ ಕೊಟ್ಟರು. ಆ ಇಲಿಗಳು ಸರಿಯಾಗಿ ಬೆಳೆಯಲಿಲ್ಲ. ಸಿಡುಕು ಹೆಚ್ಚಿ, ನೋಡಿಕೊಳ್ಳುವವರನ್ನೇ ಕಚ್ಚತೊಡಗಿದವು. ಅರುವತ್ತನೆಯ ದಿನದ ಹೊತ್ತಿಗೆ ತಮ್ಮಲ್ಲೇ ದುರ್ಬಲವಾದವನ್ನು ಕೊಂದು ತಿನ್ನಲಾರಂಭಿಸಿದವು. 1936ರಲ್ಲಿ ಲಂಡನ್ನಿನ ಉಪನ್ಯಾಸಗಳಲ್ಲಿ ಅವರು ಇದನ್ನು ತಮ್ಮ ದೇಶದವರ ಮುಂದೆಯೇ ಹೇಳಿದರು. ಇಲಿಗಳಿಗೆ ಆದದ್ದೆಲ್ಲ ಮನುಷ್ಯರಿಗೂ ಹಾಗೆಯೇ ಆಗುತ್ತದೆಂದು ನಾನು ಹೇಳುವುದಿಲ್ಲ. ಆದರೆ ಕಾಲೇಜಿನ ಎದುರಿನ ಬೇಕರಿಯಲ್ಲಿ ನಿಮ್ಮ ಮಧ್ಯಾಹ್ನದ ಊಟ ಏನೆಂದು ಒಮ್ಮೆ ನೆನೆಸಿಕೊಳ್ಳಿ.

1935ರಲ್ಲಿ ಮೆಕ್‌ಕ್ಯಾರಿಸನ್ ನಿವೃತ್ತರಾದಾಗ ಅವರ ಜಾಗಕ್ಕೆ ವ್ಯಾಲೇಸ್ ಆಯ್ಕ್ರಾಯ್ಡ್ ಬಂದರು. ಭಾರತದ ಆಹಾರ ಪದಾರ್ಥಗಳನ್ನು ಒಂದೊಂದಾಗಿ ವಿಶ್ಲೇಷಿಸಿ 1937ರಲ್ಲಿ ಒಂದು ಕಿರುಪುಸ್ತಕ ಪ್ರಕಟಿಸಿದರು. ನೀವು ಬಾಯಿಪಾಠ ಮಾಡುವ ಪಟ್ಟಿಯ ಬೇರು ಅಲ್ಲಿದೆ. ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂಬ ಹೆಸರು ಪಡೆಯಿತು. ಅದು 2017ರಲ್ಲಿ ಹೊರತಂದ ಹೊಸ ಕೋಷ್ಟಕದಲ್ಲಿ 528 ಆಹಾರಗಳಿವೆ.

ಆ ಕೋಷ್ಟಕಗಳಲ್ಲಿ ರಾಗಿಯ ಸಾಲನ್ನು ಹುಡುಕಿ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ನಿಮ್ಮ ವಯಸ್ಸಿನಲ್ಲಿ ಮೂಳೆಗಳು ಇನ್ನೂ ಗಟ್ಟಿಯಾಗುತ್ತಿರುತ್ತವೆ. ಈಗ ತಿಂಡಿ ಬಿಟ್ಟು ಉಳಿಸಿದ ತೂಕದ ಲೆಕ್ಕ ಮೂಳೆಯಲ್ಲಿ ಬಹಳ ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ಒಮ್ಮೆ ಇದೇ ವಿಷಯದ ಕಾರ್ಯಕ್ರಮಕ್ಕೆ ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳಿನ ಪಲ್ಯ, ಒಂದು ಲೋಟ ಮಜ್ಜಿಗೆ ಜೋಡಿಸಿ ಚಿತ್ರೀಕರಿಸಿದೆವು. ದೀಪಗಳ ಬಿಸಿಗೆ ಮುದ್ದೆಯ ಮೇಲೆ ಪೊರೆ ಕಟ್ಟಿ, ಎರಡು ಸಲ ಬದಲಾಯಿಸಬೇಕಾಯಿತು. ಪಕ್ಕದಲ್ಲಿಟ್ಟಿದ್ದ ಕೇಕನ್ನು ಮಾತ್ರ ಬದಲಾಯಿಸುವ ಪ್ರಸಂಗ ಬರಲಿಲ್ಲ, ಸಂಜೆಯವರೆಗೂ ಅದು ಹಾಗೆಯೇ ಹೊಳೆಯುತ್ತಿತ್ತು.