ಶೋಧನೆಗೆ ಎರಡು ಮುಖ

ಪೊಲೀಸರು ಮನೆ ಶೋಧಿಸುತ್ತಾರೆ, ವಿದ್ವಾಂಸರು ಸಂಶೋಧಿಸುತ್ತಾರೆ, ಅಡುಗೆಮನೆಯಲ್ಲಿ ಕಷಾಯ ಶೋಧಿಸುತ್ತಾರೆ. ಇದೇ ಮಾತು ಹೊಸಕೋಟೆಯಲ್ಲೋ ದೇವನಹಳ್ಳಿಯಲ್ಲೋ ಕನ್ನಡ ಕ್ರೈಸ್ತರ ಪ್ರಾರ್ಥನೆಯೊಳಕ್ಕೆ ಬಂದರೆ ಅರ್ಥವೇ ಬೇರೆ. ಒಬ್ಬರು ಶೋಧನೆಗೆ ಬಿದ್ದರು ಎಂದರೆ ಆಮಿಷಕ್ಕೆ ಸೋತರು ಎಂದು. ಮನೆಗೆ ಶೋಧನೆ ಬಂದಿದೆ ಎಂದರೆ ಕಾಯಿಲೆಯೋ ಸಾಲವೋ ಹೊಕ್ಕಿದೆ ಎಂದು.

ಈ ಎರಡು ಮುಖ ಹಳೆಯವು. ಹೊಸ ಒಡಂಬಡಿಕೆಯ ಗ್ರೀಕಿನಲ್ಲೂ ಪರೀಕ್ಷೆಗೆ, ಪ್ರಲೋಭನೆಗೆ ಪೈರಾಸ್ಮೊಸ್ ಎಂಬ ಒಂದೇ ಪದ. ಯಾಕೋಬನ ಪತ್ರಿಕೆಯ 1ನೇ ಅಧ್ಯಾಯ ನೋಡಿ: 2ನೇ ವಚನದಲ್ಲಿ ಕಷ್ಟ ಬಂದರೆ ಸಂತೋಷಪಡಿ ಎನ್ನುವವನು, 13ನೇ ವಚನದಲ್ಲಿ ಕೇಡಿನ ಸೆಳೆತವನ್ನು ದೇವರ ತಲೆಗೆ ಕಟ್ಟಬೇಡಿ ಎನ್ನುತ್ತಾನೆ. ದೇವರೇ ಶೋಧನೆಗೆ ನಡೆಸುತ್ತಾನೆ ಎಂಬಂತೆ ಕೇಳಿಸುವ, ಕರ್ತನ ಪ್ರಾರ್ಥನೆಯ ‘ನಮ್ಮನ್ನು ಶೋಧನೆಯೊಳಗೆ ಸೇರಿಸದೆ’ ಎಂಬ ಸಾಲಿನ ಅನುವಾದ ಸರಿಯಿಲ್ಲವೆಂದು 2017ರಲ್ಲಿ ಪೋಪ್ ಫ್ರಾನ್ಸಿಸ್ ಹೇಳಿದ್ದರು. 2020ರಲ್ಲಿ ಇಟಲಿಯ ಪೂಜಾಗ್ರಂಥ ಅದನ್ನು ಬದಲಿಸಿಕೊಂಡಿತು.

ನನಗೇನೋ ಕನ್ನಡದ ಒಂದೇ ಮಾತು ಸರಿಯೆನಿಸುತ್ತದೆ. ಕಷ್ಟ, ಆಮಿಷ ಜೋಡಿಯಾಗಿಯೇ ಬರುತ್ತವೆ. ಕಲ್ಲನ್ನು ರೊಟ್ಟಿ ಮಾಡು ಎಂದು ಸೈತಾನ ಯೇಸುವಿಗೆ ಹೇಳಿದ್ದು 40 ದಿನದ ಉಪವಾಸದ ಹಸಿವಿನಲ್ಲಿ, ಹೊಟ್ಟೆ ತುಂಬಿದ್ದಾಗ ಅಲ್ಲ. 2020ರ ಲಾಕ್‌ಡೌನ್‌ನಲ್ಲಿ ದೊಡ್ಡಬಳ್ಳಾಪುರದ ಮಗ್ಗಗಳ ಸದ್ದಡಗಿತು. ಅಂಥ ದಿನ ಬಡ್ಡಿಯವನು ಬಾಗಿಲಲ್ಲಿ ನಿಂತಿರುವಾಗಲೇ, ಕೃತಕ ನೂಲು ಬೆರೆಸಿ ಅಸಲಿ ರೇಷ್ಮೆಯ ಬೆಲೆಗೆ ಮಾರು ಎನ್ನುವ ಸಲಹೆಯೂ ಬರುತ್ತದೆ. ಮಗ್ಗ ಓಡುವಾಗ ನಕ್ಕು ತಳ್ಳಿದ ಮಾತನ್ನೇ ಮಗ್ಗ ನಿಂತಾಗ ಮನುಷ್ಯ ಕಿವಿಗೊಟ್ಟು ಕೇಳುತ್ತಾನೆ.

ಸರದಿ ತಿರುಗುವುದೂ ಉಂಟು. ಅರಸುಗಳ ಮೊದಲನೆಯ ಗ್ರಂಥದ 21ನೇ ಅಧ್ಯಾಯದ ನಾಬೋತನನ್ನು ನಮ್ಮ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಯಾರೂ ಪರಿಚಯಿಸಬೇಕಿಲ್ಲ. ಅರಸ ಅಹಾಬನು ಅವನ ದ್ರಾಕ್ಷಿತೋಟ ಕೇಳಿದ. ಬದಲಿಗೆ ಇನ್ನೂ ಒಳ್ಳೆಯ ತೋಟ, ಬೇಡವಾದರೆ ಹಣ ಕೊಡುತ್ತೇನೆಂದ. ಪಿತ್ರಾರ್ಜಿತ, ಕೊಡೆನೆಂದ ನಾಬೋತ. ಸುಳ್ಳು ಸಾಕ್ಷಿ ಹುಟ್ಟಿತು, ಕಲ್ಲೆಸೆದು ಕೊಂದರು. ಅವನಿಗೆ ಮೊದಲು ಬಂದದ್ದು ಆಮಿಷ, ಒಲ್ಲೆನೆಂದ ಮೇಲೆ ಕಷ್ಟ. ಎಕರೆಗೆ ಕೋಟಿಗಳ ಮಾತಾಡುವ, ದೇವನಹಳ್ಳಿ ವಿಮಾನ ನಿಲ್ದಾಣದ ಸುತ್ತಿನ ಊರುಗಳಲ್ಲಿ ಈ ಕಥೆಗೆ ಮುಪ್ಪಿಲ್ಲ.

ಆದರೆ ಶೋಧನೆ ಎಂಬ ಮಾತಿಗೊಂದು ದುರ್ಬಳಕೆಯೂ ಇದೆ. ಸ್ವಂತ ಕಷ್ಟವನ್ನು ಶೋಧನೆಯೆಂದು ತಿಳಿದು ತಾಳಿಕೊಳ್ಳುವುದು ವಿಶ್ವಾಸ. ನೆರೆಯವರ ಕಷ್ಟಕ್ಕೆ ಅದೇ ಹೆಸರಿಟ್ಟು ಕೈತೊಳೆದುಕೊಳ್ಳುವುದು ಬರೀ ಸೋಮಾರಿತನ. ಹಸಿವಿನ ಬೆನ್ನಿಗೇ ಆಮಿಷ ಬರುವುದಾದರೆ, ಹಸಿವು ನೀಗಿಸುವುದೂ ನಂಬಿಕೆಗೆ ಕಾವಲು ನಿಂತಂತೆಯೇ. ‘ದೇವರ ಶೋಧನೆ, ತಾಳ್ಕೊಳ್ಳಿ ಅಕ್ಕ’ ಎನ್ನುವ ಮೊದಲು ಆ ಮನೆಯಲ್ಲಿ ಅಕ್ಕಿ ಇದೆಯೇ, ಮಕ್ಕಳ ಫೀಸು ಕಟ್ಟಿದ್ದಾರೆಯೇ ಎಂದು ಒಂದು ಮಾತು ವಿಚಾರಿಸಿ.