ಮತಸಂಪ್ರದಾಯಗಳ ಪರಸ್ಪರ ಸಂಬಂಧ: ತುಂಗಭದ್ರಾ ಸೀಮೆಯ ಸಾಕ್ಷ್ಯಗಳು

ಹಿಂದೂ ಎಂಬ ಹೆಸರಿನಡಿ ಗುರುತಿಸಲಾಗುವ ಉಪಾಸನಾ ಮಾರ್ಗಗಳಲ್ಲಿ ಶೈವ, ವೈಷ್ಣವ, ಶಾಕ್ತ ಮತ್ತು ಸ್ಮಾರ್ತ ಎಂಬ ನಾಲ್ಕು ಪ್ರಧಾನವಾದವು. ಶೈವರಿಗೆ ಶಿವನೂ ವೈಷ್ಣವರಿಗೆ ವಿಷ್ಣುವೂ ಶಾಕ್ತರಿಗೆ ದೇವಿಯೂ ಪರತತ್ತ್ವ. ಸ್ಮಾರ್ತರು ಶಿವ, ವಿಷ್ಣು, ದೇವಿ, ಸೂರ್ಯ, ಗಣಪತಿ ಈ ಐವರನ್ನು ಪಂಚಾಯತನ ಪೂಜೆಯಲ್ಲಿ ಆರಾಧಿಸುತ್ತಾರೆ. ಗುರುಪರಂಪರೆ, ದೀಕ್ಷಾಕ್ರಮ, ಆಚಾರಗಳಲ್ಲಿ ಒಂದೊಂದಕ್ಕೂ ತನ್ನದೇ ದಾರಿಯಿದೆ. ಇಂತಹ ಸಂಪ್ರದಾಯಗಳು ಒಂದರೊಡನೊಂದು ಹೇಗೆ ಬಾಳಿದವು ಎಂಬುದಕ್ಕೆ ಕುಪ್ಪೇಲೂರನ್ನೊಳಗೊಂಡ ರಾಣೇಬೆನ್ನೂರು ತಾಲ್ಲೂಕಿನಲ್ಲಿಯೂ ಅದರ ನೆರೆಹೊರೆಯಲ್ಲಿಯೂ ಸಾಕ್ಷ್ಯಗಳಿವೆ.

ತುಂಗಭದ್ರೆಯ ತೀರದ ಹರಿಹರದಲ್ಲಿ ಹರಿಹರೇಶ್ವರ ದೇವಾಲಯವಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಇದನ್ನು ಕಟ್ಟಿಸಿದನು. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಮೂರ್ತಿ ಒಂದಾದರೂ ಎರಡು ಭಾಗಗಳ ಲಕ್ಷಣಗಳು ಬೇರೆಯಾಗಿಯೇ ಉಳಿದಿವೆ.

ಶೈವದೊಳಗೂ ಅನೇಕ ಪಂಥಗಳಿದ್ದವು. ರಾಣೇಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ದೇವಾಲಯದ ಶಾಸನಗಳು ಇಬ್ಬರು ಮಹನೀಯರನ್ನು ಸ್ಮರಿಸುತ್ತವೆ. ಒಬ್ಬರು ಲಾಕುಳ ಶೈವ ಪರಂಪರೆಯ ಮುಕ್ತಜೀಯರು. ಇನ್ನೊಬ್ಬರು 1225ರಲ್ಲಿ ಈ ಕ್ಷೇತ್ರಕ್ಕೆ ಆಗಮಿಸಿ ದೀರ್ಘಕಾಲ ತಪೋನಿರತರಾಗಿದ್ದ ವೀರಶೈವ ಶಿವದೇವರು. ಪಂಥ ಬೇರೆಯಾದರೂ ಒಂದೇ ಕ್ಷೇತ್ರವು ಇಬ್ಬರನ್ನೂ ಗೌರವಿಸಿತು. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಾದರೋ ಆದಿಕೇಶವನ ಭಕ್ತರಾದ ಕನಕದಾಸರ ನೆಲೆ. ಹೀಗೆ ಹರಿಭಕ್ತಿ ಮತ್ತು ಶಿವಭಕ್ತಿ ಒಂದೇ ಸೀಮೆಯಲ್ಲಿ ಬೆಳೆದವು.

ಆದರೆ ಸೌಹಾರ್ದವೇ ಎಲ್ಲ ಕಾಲಕ್ಕೂ ಇತ್ತೆಂದು ಹೇಳಲಾಗದು. ಹಾವೇರಿ ಜಿಲ್ಲೆಯ ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ಸಂಘರ್ಷವನ್ನು ಶಾಸನವೂ ಶಿಲ್ಪಗಳೂ ನಿರೂಪಿಸುತ್ತವೆ. ಜಿನಬಿಂಬವನ್ನು ಭಗ್ನಗೊಳಿಸಿದ ಪ್ರಸಂಗವೂ ಅದರಲ್ಲಿದೆ. ಮುಂದೆ 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾದಾಗ ವಿಜಯನಗರದ ಬುಕ್ಕರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ವಾದ್ಯ-ಕಲಶಗಳ ಹಕ್ಕನ್ನು ಎತ್ತಿಹಿಡಿದನು. ಅವರ ರಕ್ಷಣೆಯ ಹೊಣೆಯನ್ನು ಶ್ರೀವೈಷ್ಣವರಿಗೇ ಒಪ್ಪಿಸಿದನು. ಜೈನವು ಮೇಲೆ ಹೇಳಿದ ನಾಲ್ಕರೊಳಗೆ ಸೇರದಿದ್ದರೂ ಭಿನ್ನಮತೀಯರ ಸಹಬಾಳ್ವೆಗೆ ಶ್ರವಣಬೆಳಗೊಳದಲ್ಲಿರುವ ಈ ಶಾಸನ ಮಹತ್ತ್ವದ್ದು.

ಹನ್ನೆರಡನೆಯ ಶತಮಾನದ ಶರಣರ ಮಾರ್ಗ ಇವೆಲ್ಲಕ್ಕಿಂತ ಭಿನ್ನವಾದ ಪ್ರಶ್ನೆಯನ್ನು ಮುಂದಿಟ್ಟಿತು. ಯಾವ ದೇವರು ಹೆಚ್ಚು ಎಂಬುದಕ್ಕಿಂತ, ದೇವರಿಗೂ ಭಕ್ತನಿಗೂ ನಡುವೆ ಜಾತಿ, ಲಿಂಗಭೇದ, ಪುರೋಹಿತರು ಏಕೆ ಬೇಕು ಎಂಬುದೇ ಅವರ ವಿಚಾರ. ಅಂಗದ ಮೇಲೆ ಧರಿಸುವ ಇಷ್ಟಲಿಂಗ ಮತ್ತು ಕಾಯಕ-ದಾಸೋಹ ತತ್ತ್ವಗಳು ಅದಕ್ಕೆ ಶರಣರು ಕೊಟ್ಟ ಉತ್ತರ. ಲಿಂಗಾಯತವು ಶೈವದ ಒಂದು ಶಾಖೆಯೋ ಸ್ವತಂತ್ರ ಧರ್ಮವೋ ಎಂಬ ಬಗ್ಗೆ ಸಮಾಜದಲ್ಲಿ ಇಂದಿಗೂ ಭಿನ್ನಾಭಿಪ್ರಾಯಗಳಿವೆ. 2018ರಲ್ಲಿ ಈ ವಿಷಯ ಸರ್ಕಾರಗಳ ಮುಂದೆಯೂ ಬಂದಿತ್ತು. ಯಾವ ಅಭಿಪ್ರಾಯವನ್ನು ತಳೆದರೂ, ತನ್ನ ನಿಲುವನ್ನು ಹೇಳಲು ಇನ್ನೊಬ್ಬರನ್ನು ಹಳಿಯಬೇಕಾದ ಅಗತ್ಯವಿಲ್ಲ.

ಸಂಪ್ರದಾಯಗಳು ಒಂದಾಗಬೇಕೆಂದೇನೂ ಇಲ್ಲ. ತಮ್ಮ ಆಚಾರವನ್ನು ಉಳಿಸಿಕೊಂಡು, ನೆರೆಯವರ ಆಚಾರಕ್ಕೂ ನೆಲೆ ಕೊಟ್ಟರೆ ಸಾಕು. ಹರಿಹರದ ಮೂರ್ತಿಯೂ ಬುಕ್ಕರಾಯನ ಶಾಸನವೂ ತಿಳಿಸುವುದು ಇದನ್ನೇ. ಅಬಲೂರಿನ ಶಿಲ್ಪಗಳು ಎಚ್ಚರಿಸುವುದೂ ಇದನ್ನೇ.